ಮಾತು ಕೇಳಿಸುವ ಅಡಿಕೆ ಯಂತ್ರ

ಕಳೆದ ಸುಗ್ಗಿಯಲ್ಲಿ ನಮ್ಮ ಶೆಡ್ಡಿನಿಂದ ಅಡಿಕೆ ಸುಲಿಯುವ ಯಂತ್ರ 31 ಹೋದವು. ಒಂದೂ ವಾಪಸ್ ಬರಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ಹೋಗಿದ್ದು 14, ವಾಪಸ್ ಬಂದಿದ್ದು 6. ಬ್ಲೇಡ್ ಅದೇ, 1 ಎಚ್‌ಪಿ ಮೋಟಾರು ಅದೇ, ಗಂಟೆಗೆ ಸುಲಿಯುವ ಲೆಕ್ಕವೂ ಹೆಚ್ಚುಕಮ್ಮಿ ಅದೇ. ಬದಲಾಗಿದ್ದು ಸದ್ದು, ಬಣ್ಣ, ಹಿಡಿ. "ರಬ್ಬರ್ ಅಂಟಿಸಿ ಬಣ್ಣ ಬಳಿದ್ರೆ ಅಡಿಕೆ ಸುಲೀತದೇನಯ್ಯಾ?" ಅಂತ ಶಿವಮೊಗ್ಗದಲ್ಲಿ ನಕ್ಕವರೇ ಈಗ ಬಂದು ಕಾಯಿ ಸುರಿಯುವ ಹಾಪರ್ ಒಳಗೆ ಕೈಯಾಡಿಸಿ ನೋಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಾಪಸ್ ಬಂದ ಆರರಲ್ಲೂ ಕೆಟ್ಟಿದ್ದು ಏನೂ ಇರಲಿಲ್ಲ. "ಯಂತ್ರ ಚೆನ್ನಾಗದೆ ಮಾರಾಯ, ಮನೆಯವ್ರು ಬೇಡ ಅಂತಾರೆ" ಅಷ್ಟೇ ಉತ್ತರ. ತಲೆ ಕೆಟ್ಟು ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ರಾತ್ರಿ ಉಳಿದೆ. ಯಂತ್ರ ಇದ್ದರೂ ಅದು ಬಿಟ್ಟ ಕಾಯಿ ಸುಲಿಯಲು, ಸಿಪ್ಪೆ ಆರಿಸಲು ಜನ ಬೇಕು, ಅದು ನಿಮಗೂ ಗೊತ್ತು. ಏಳೆಂಟು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದರು. ಯಾರ ಮದುವೆ, ಯಾರ ಜಗಳ, ಧಾರಾವಾಹಿಯಲ್ಲಿ ಏನಾಯ್ತು, ಮಾತಿಗೆ ಬಿಡುವಿಲ್ಲ. ನಾನು ಸ್ವಿಚ್ ಹಾಕಿದೆ. ಎಲ್ಲರ ಬಾಯಿ ಬಂದ್. ಹತ್ತು ನಿಮಿಷ ನೋಡಿ, ಅರವತ್ತು ದಾಟಿದ ಒಬ್ಬರು ಎದ್ದು ಬಂದು ತಾವೇ ಪ್ಲಗ್ ಕಿತ್ತರು. "ತಮ್ಮಾ, ಇದು ತಾನೊಂದೇ ಮಾತಾಡ್ತದೆ. ನಮಗೆ ಬಿಡೋದೇ ಇಲ್ಲ."

ಸದ್ದು ಅಳೆಯುವ ಫೋನಿನ ಆ್ಯಪ್ ಹಾಪರ್ ಪಕ್ಕ ಹಿಡಿದರೆ 92 ಡೆಸಿಬಲ್. ಆ್ಯಪ್ ಪೂರ್ತಿ ನಂಬುವಂಥದ್ದಲ್ಲ, ಮೊದಲಿಗೂ ಆಮೇಲಿಗೂ ಹೋಲಿಸಲು ಸಾಕು. ಗದ್ದಲ ಮೋಟಾರಿನದು ಅಂದುಕೊಂಡಿದ್ದೆ. ಅಲ್ಲ. ಕಾಯಿ ಬಂದು ತಗಡಿಗೆ ಬಡಿಯುವ ಡಬಡಬ ಒಂದು, ಚೈನಿನ ಕಿರುಚಾಟ ಇನ್ನೊಂದು. ನಮ್ಮ ಕಿವಿಗೆ ಎರಡರಿಂದ ನಾಲ್ಕು ಸಾವಿರ ಹರ್ಟ್ಜ್ ಆಸುಪಾಸಿನ ಕೀರಲು ಸದ್ದೇ ಜಾಸ್ತಿ ಚುಚ್ಚುವುದು.

ಮೊದಲು ಇಡೀ ಯಂತ್ರಕ್ಕೆ ಪೆಟ್ಟಿಗೆ ಕಟ್ಟಿದೆ. ಹನ್ನೊಂದು ಸಾವಿರ ಖರ್ಚು. ಸದ್ದು ಇಳಿಯಿತು, ಗಾಳಿ ಆಡದೆ ಮೋಟಾರೂ ಸುಟ್ಟಿತು. ವೈಂಡಿಂಗಿಗೆ ಮತ್ತೆ ನಾಲ್ಕು ಸಾವಿರದ ಹತ್ತಿರ. ಆಮೇಲೆ ಹಾಪರ್ ಒಳಗೆ ಸ್ಪಂಜ್. ಹಸಿ ಅಡಿಕೆಯ ರಸ ಕುಡಿದು ನಾಲ್ಕನೇ ದಿನಕ್ಕೆ ಎಂಥ ವಾಸನೆ ಅಂತೀರಿ! ನಾಯಿ ಕೂಡ ಹತ್ತಿರ ಬರಲಿಲ್ಲ. ಲಾರಿ ಟ್ಯೂಬು ಪರವಾಗಿಲ್ಲ ಅನ್ನಿಸಿತು. ಕೊನೆಗೆ ಕೈ ಹಿಡಿದಿದ್ದು ಹಳೇ ಕನ್ವೇಯರ್ ಬೆಲ್ಟಿನ ರಬ್ಬರ್, ಎರಡು ಪದರ. ನಡುವೆ ಏನು ಹಾಕಿದ್ದೇನೆ ಅಂತ ಮಾತ್ರ ಕೇಳಬೇಡಿ. ಚೈನ್ ತೆಗೆದು ವಿ-ಬೆಲ್ಟ್ ಹಾಕಿದೆ. 78ಕ್ಕೆ ಬಂತು. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ ಕೇಳುತ್ತದೆ. ಇಲ್ಲಿ ಅದಕ್ಕಿಂತ ಜಾಸ್ತಿಯೇ ಇಳಿದಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಹುರುಪಿನಲ್ಲಿ ಮೋಟಾರಿನ ಕೆಳಗೂ ರಬ್ಬರ್ ಬುಶ್ ಕೊಟ್ಟು 71ಕ್ಕೆ ಇಳಿಸಿದೆ. ಹೊಸನಗರದಲ್ಲಿ ಒಬ್ಬ ಹುಡುಗ, ಯಂತ್ರ ನಿಂತಿದೆ ಅಂದುಕೊಂಡು ಗಾರ್ಡ್ ಎತ್ತಿ ಕೈ ಹಾಕಿದ. ಪುಣ್ಯಕ್ಕೆ ಉಗುರಿನಲ್ಲೇ ಮುಗಿಯಿತು. ಆ ವಾರ ನನಗೆ ನಿದ್ದೆ ಇಲ್ಲ. ಗಾರ್ಡ್ ಎತ್ತಿದರೆ ಕರೆಂಟ್ ಕಡಿಯುವ ಸ್ವಿಚ್ ಹಾಕಿದೆ. ಅದನ್ನು ಮೊದಲೇ ಹಾಕಬೇಕಿತ್ತು, ತಪ್ಪು ನನ್ನದೇ. ಜೊತೆಗೆ ಓಡುತ್ತಿದೆ ಅಂತ ಗೊತ್ತಾಗುವಷ್ಟು ದಪ್ಪ ದನಿಯ 'ಗುರ್' ಅನ್ನೋ ಸದ್ದನ್ನು ಬೇಕಂತಲೇ ಉಳಿಸಿದೆ. ಅದು ಮಾತಿಗೆ ಅಡ್ಡ ಬರುವುದಿಲ್ಲ.

ಸದ್ದಿನ ಹುಚ್ಚು ಹಿಡಿದಾಗ ಇನ್ನೊಂದು ಪ್ರಯೋಗ ಮಾಡಿದೆ. ಹಾಪರ್ ಖಾಲಿಯಾದರೆ ಬಜರ್ ಬದಲು ದನದ ಕೊರಳ ಗಂಟೆ. ನನಗೆ ಭಾರೀ ಇಷ್ಟವಾಗಿತ್ತು. ಕೊಪ್ಪದ ಮನೆಯೊಂದರಲ್ಲಿ ಗಂಟೆ ಅಲ್ಲಾಡಿದ್ದೇ ತಡ, ಅಜ್ಜಿ "ಯಾರ ದನ ತೋಟಕ್ಕೆ ನುಗ್ತು!" ಅಂತ ಬ್ಯಾಟರಿ ಹಿಡಿದು ಹೊರಗೆ ಓಡಿದರು. ಅವತ್ತು ರಾತ್ರಿ ಮೂರು ಸಲ ಓಡಿದರು. ಮಾರನೇ ದಿನ ಗಂಟೆ ಬಿಚ್ಚಿಕೊಂಡು ಬಂದೆ. ಈಗ ಅದು ನಮ್ಮ ಮನೆ ಬಾಗಿಲಲ್ಲಿದೆ.

ಬೆಂಗಳೂರಿನಲ್ಲಿ ಡಿಸೈನ್ ಓದಿದ ಅಕ್ಕನ ಮಗ ಇದನ್ನೆಲ್ಲ ಕೇಳಿ, "ಮಾವ, ಜಪಾನಿನಲ್ಲಿ ಇದಕ್ಕೆ ಕಾನ್ಸೆ ಇಂಜಿನಿಯರಿಂಗ್ ಅಂತಾರೆ" ಅಂದ. ಬಳಸುವವರ ಮನಸ್ಸಿಗೆ ಏನನ್ನಿಸುತ್ತದೆ ಅಂತ ನೋಡಿ ಸಾಮಾನು ಮಾಡುವುದು. ಹಿರೋಶಿಮಾದ ಮಿತ್ಸುವೊ ನಾಗಮಾಚಿ 1970ರ ದಶಕದಲ್ಲಿ ಶುರು ಮಾಡಿದ್ದಂತೆ. 1989ರಲ್ಲಿ ಬಂದ ಮಜ್ದಾ ಮಿಯಾಟಾ ಕಾರಿನ ಸೈಲೆನ್ಸರ್ ಸದ್ದನ್ನೂ ಹಾಗೇ ಕೂತು ಹದ ಮಾಡಿದ್ದರಂತೆ. ಇರಬಹುದು. ನನಗೆ ಅರ್ಥವಾಗಿದ್ದು ಯೆಜ್ಡಿ ಬೈಕಿನ ಸದ್ದಿನಿಂದ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಇವತ್ತಿಗೂ ತಿರುವಿನಾಚೆ ಯೆಜ್ಡಿ ಬಂದರೆ ನಮ್ಮ ವಯಸ್ಸಿನವರು ಮಾತು ನಿಲ್ಲಿಸಿ ನೋಡುತ್ತಾರೆ, ಅಲ್ವಾ?

ಬಣ್ಣದಲ್ಲೂ ಏಟು ತಿಂದೆ. ಬೂದು ಬಳಿದಾಗ "ಪಂಚಾಯ್ತಿ ಸಾಮಾನಿನ ಹಾಗದೆ" ಅಂದರು. ಬಿಳಿ ಬಳಿದೆ, ಅಡಿಕೆ ಕಲೆ ಒಂದು ವಾರ ತಡೆಯಲಿಲ್ಲ. ಈಗ ಕೆಮ್ಮಣ್ಣಿನ ಬಣ್ಣ. ಕಲೆ ಅದರಲ್ಲೇ ಕರಗುತ್ತದೆ, ಹಳೇ ಮನೆಯ ಗೋಡೆಗೂ ಹೊಂದುತ್ತದೆ. ಪಕ್ಕದಲ್ಲಿ ಹಸೆ ಚಿತ್ತಾರದ ಒಂದು ಪಟ್ಟಿ, ಮಲೆನಾಡಿನ ದೀವರು ಮನೆ ಗೋಡೆಗೆ ಬರೆಯುವ ಚಿತ್ರ. ಮೊದಲು ಕಂಪ್ಯೂಟರಿನಲ್ಲಿ ಬರೆಸಿದ ಸ್ಟಿಕ್ಕರ್ ಹಚ್ಚಿದ್ದೆ. ಸಾಗರದ ಕಡೆಯ ದೀವರ ಹೆಂಗಸೊಬ್ಬರು ನೋಡಿ, "ಇದು ಚಿತ್ತಾರ ಅಲ್ಲ, ಕಿಟಕಿ ಸರಳು" ಅಂದುಬಿಟ್ಟರು. ಅವರ ಹತ್ತಿರವೇ ಬರೆಸುತ್ತಿದ್ದೇನೆ ಈಗ, ಒಂದಕ್ಕೆ ಆರುನೂರು ಕೊಟ್ಟು. ಗೋಡೆಗೆ ಹಚ್ಚುವ ಅಕ್ಕಿ ಹಿಟ್ಟಿನ ಬಿಳಿ ತಗಡಿಗೆ ನಿಲ್ಲುವುದಿಲ್ಲ. ಎನಾಮಲ್‌ನಲ್ಲಿ ಪುಂಡಿ ನಾರಿನ ಕುಂಚ ಅಂಟಿಕೊಂಡು ಹಾಳಾಯಿತು ಅಂತ ಅಂಗಡಿಯ ಸಣ್ಣ ಬ್ರಷ್ ಹಿಡಿದಿದ್ದಾರೆ, ಬೈದುಕೊಂಡೇ.

ಕಬ್ಬಿಣದ ಹಿಡಿ ತೆಗೆದು ಹಲಸಿನ ಮರದ್ದು ಹಾಕಿದೆ. ಡಿಸೆಂಬರ್ ಬೆಳಗ್ಗೆ ಆರು ಗಂಟೆಗೆ ಕಬ್ಬಿಣ ಮುಟ್ಟಿ ನೋಡಿ, ಕಾರಣ ಗೊತ್ತಾಗುತ್ತದೆ. ಎತ್ತರವನ್ನೂ ಇಳಿಸಿದೆ, ಮಣೆ ಮೇಲೆ ಕೂತವರ ಕೈಗೆ ಎಟುಕಬೇಕು. ಹಿಡಿಯ ಸ್ಪ್ರಿಂಗ್ 'ಟಕ್' ಅನ್ನುವುದಕ್ಕೆ ಐದು ಥರ ಬದಲಾಯಿಸಿದೆ. ಯಾವುದು ನಿಂತಿತು ಅನ್ನುವುದೂ ಗುಟ್ಟು.

ದುಡ್ಡಿನ ವಿಷಯ. ಎರಡು ವರ್ಷದ ಪ್ರಯೋಗಕ್ಕೆ ಎರಡೂಮುಕ್ಕಾಲು ಲಕ್ಷ ಹೋಯಿತು. ಹೆಂಡತಿಯ ಬಳೆ ಹದಿನಾಲ್ಕು ತಿಂಗಳು ಅಡವಿನಲ್ಲಿತ್ತು. ಈಗ ರಬ್ಬರ್, ಬೆಲ್ಟು, ಹಿಡಿ, ಚಿತ್ತಾರ ಎಲ್ಲ ಸೇರಿ ಒಂದು ಯಂತ್ರಕ್ಕೆ ಆರು ಸಾವಿರ ಜಾಸ್ತಿ ಬೀಳುತ್ತದೆ. ರೇಟು 62ರಿಂದ 74 ಸಾವಿರಕ್ಕೆ ಏರಿಸಿದೆ. ಚೌಕಾಸಿ ಮೊದಲಿಗಿಂತ ಕಮ್ಮಿ. ಗಂಡಸರು ಬ್ಲೇಡ್ ನೋಡುತ್ತಾರೆ, ಹೆಂಗಸರು ಸ್ವಿಚ್ ಹಾಕಿ ಪಕ್ಕದವರ ಜೊತೆ ಮಾತಾಡಿ ನೋಡುತ್ತಾರೆ. ದುಡ್ಡು ಹೊರಗೆ ಬರುವುದು ಎರಡನೆಯದಾದ ಮೇಲೆ.

ವಾಪಸ್ ಬಂದಿದ್ದ ಆರರಲ್ಲಿ ನಾಲ್ಕಕ್ಕೆ ರಬ್ಬರ್ ಹಾಕಿ ಮಾರಿದೆ. ಪ್ಲಗ್ ಕಿತ್ತ ಆ ಅಮ್ಮನ ಮನೆಗೂ ಒಂದು ಹೋಯಿತು. ಉಳಿದೆರಡು ಶೆಡ್ಡಿನ ಹಿಂದಿವೆ, ಒಂದರ ಮೇಲೆ ನಮ್ಮ ಹುಡುಗರು ಟೀ ಲೋಟ ಇಡುತ್ತಾರೆ.