ಧಾರವಾಡದ ಮನೆಯಲ್ಲಿ ಎಕ್ಸ್‌ವಿ6 ಅನ್ನು ಹೊಸ ಬೋರ್ಡಿಗೆ ಒಗ್ಗಿಸಿದ್ದು

ಎಕ್ಸ್‌ವಿ6 ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್. ಪಾಠ ಹೇಳಲಿಕ್ಕೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರಲ್ಲಿ ಬರೆದದ್ದು. ಮೊದಲು ಎಕ್ಸ್86 ಪ್ರೊಸೆಸರಿಗೆ ಇತ್ತು, 2019ರಲ್ಲಿ ಅವರೇ ರಿಸ್ಕ್-ಫೈವ್ ಅನ್ನುವ ಇನ್ನೊಂದು ಬಗೆಯ ಪ್ರೊಸೆಸರಿಗೆ ತಂದರು. ಆದರೆ ಅದು ಓಡುವುದು ಕ್ಯೂಎಮು ಎಮ್ಯುಲೇಟರಿನೊಳಗೆ, ಅಂದರೆ ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರಿನೊಳಗೆ. ನನಗೆ ಅದು ಮೇಜಿನ ಮೇಲಿರುವ ನಿಜವಾದ ಬೋರ್ಡಿನಲ್ಲಿ ಓಡಬೇಕಿತ್ತು. ವಿಷನ್‌ಫೈವ್ 2 ಅನ್ನುವ ರಿಸ್ಕ್-ಫೈವ್ ಬೋರ್ಡ್ ತರಿಸಿಕೊಂಡೆ. ಎರಡೂ ರಿಸ್ಕ್-ಫೈವ್ ತಾನೆ, ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಇಡೀ ಮಳೆಗಾಲ ಹಿಡಿಯಿತು.

ಹುಬ್ಬಳ್ಳಿಯಲ್ಲಿ ಕೆಲಸ, ಸಪ್ತಾಪುರದಲ್ಲಿ ಮನೆ. ಹೋಗಿ ಬರುವಾಗ ಚಿಗರಿ ಬಸ್ಸಿನಲ್ಲಿ ಮೊಬೈಲಿನಲ್ಲೇ ಪ್ರೊಸೆಸರ್ ಕೈಪಿಡಿ ಓದುತ್ತಿದ್ದೆ. ಫೈಲ್ ಸಿಸ್ಟಮ್, ಪೈಪ್, ಶೆಲ್ ಇವನ್ನು ಮುಟ್ಟುವ ಕೆಲಸವೇ ಇರಲಿಲ್ಲ. ಅವಕ್ಕೆ ಕೆಳಗೆ ಯಾವ ಯಂತ್ರ ಇದೆ ಅಂತ ಗೊತ್ತೇ ಇಲ್ಲ. ಬದಲಾಗುವುದು ಬೂಟ್, ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ನಕ್ಷೆ), ಟ್ರ್ಯಾಪ್ (ದೋಷ ಅಥವಾ ಸಾಧನದ ಕರೆ ಬಂದಾಗ ನಿಭಾಯಿಸುವ ಕೋಡ್), ಟೈಮರ್, ಮತ್ತೆ ಸಾಧನಗಳು.

ಶುರುವಿನಲ್ಲೇ ತಡೆ. ಕ್ಯೂಎಮುನಲ್ಲಿ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಮಷೀನ್ ಮೋಡ್‌ನಲ್ಲಿ ಏಳುತ್ತದೆ. ಪ್ರೊಸೆಸರಿನಲ್ಲಿ ಅತಿ ಹೆಚ್ಚು ಅಧಿಕಾರ ಇರುವ ಮಟ್ಟ ಅದು. ಬೋರ್ಡಿನಲ್ಲಿ ಆ ಜಾಗದಲ್ಲಿ ಓಪನ್‌ಎಸ್‌ಬಿಐ ಅನ್ನುವ ಫರ್ಮ್‌ವೇರ್ ಕೂತಿರುತ್ತದೆ, ನಮಗೆ ಸಿಗುವುದು ಅದಕ್ಕಿಂತ ಕೆಳಗಿನ ಸೂಪರ್‌ವೈಸರ್ ಮೋಡ್ ಮಾತ್ರ. ಹಾಗಾಗಿ ಮಷೀನ್ ಮೋಡ್ ಕೋಡನ್ನೆಲ್ಲ ತೆಗೆದೆ, ಟೈಮರನ್ನು ಓಪನ್‌ಎಸ್‌ಬಿಐಗೇ ಕೇಳುವ ಹಾಗೆ ಮಾಡಿದೆ. ಕರ್ನಲ್ ಕೂರುವ ವಿಳಾಸವನ್ನು ಹೆಕ್ಸ್‌ನ (ಹದಿನಾರರ ಎಣಿಕೆಯ) 80000000ದಿಂದ 40200000ಕ್ಕೆ ಸರಿಸಿದೆ. ಡಿಸ್ಕ್ ಡ್ರೈವರ್ ಬರೆಯುವ ಧೈರ್ಯ ಆಗ ಇರಲಿಲ್ಲ, ಫೈಲ್ ಸಿಸ್ಟಮ್ ಇಮೇಜನ್ನು ಮೆಮೊರಿಯಲ್ಲೇ ಇಟ್ಟೆ.

ಆದರೂ ಪರದೆ ಖಾಲಿ. ಕರ್ನಲ್ಲನ್ನು ಮೆಮೊರಿಗೆ ತಂದು ಓಡಿಸುವ ಯು-ಬೂಟ್‌ನ ಸಾಲುಗಳೂ ಬರುತ್ತಿರಲಿಲ್ಲ. ಕೊಪ್ಪಿಕರ್ ರೋಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವವರೊಬ್ಬರಿಗೆ ಬೋರ್ಡನ್ನೂ ಅದರ ಮಾತನ್ನು ಕಂಪ್ಯೂಟರಿಗೆ ತರುವ ಸೀರಿಯಲ್ ಕೇಬಲನ್ನೂ ತೋರಿಸಿದೆ. ಅವರು ನೋಡಿದ್ದೇ ಹೇಳಿದರು: "ಸರ, ನಿಮ್ಮ ಬಾಯಿ ಅದರ ಬಾಯಿಗೆ ಹಚ್ಚೀರಿ. ನೀವು ಮಾತಾಡಿದ್ದು ಅದರ ಕಿವಿಗೆ ಹೋಗಬೇಕ್ರಿ." ಒಂದು ಕಡೆಯ ಟಿಎಕ್ಸ್ (ಕಳಿಸುವ) ತಂತಿ ಇನ್ನೊಂದು ಕಡೆಯ ಆರ್‌ಎಕ್ಸ್‌ಗೆ (ಪಡೆಯುವುದಕ್ಕೆ) ಹೋಗಬೇಕು, ಆರ್‌ಎಕ್ಸ್ ಟಿಎಕ್ಸ್‌ಗೆ. ಕೇಬಲ್ 3.3 ವೋಲ್ಟಿನದು ಹೌದೋ ಅಲ್ಲವೋ ಅಂತಲೂ ಅವರೇ ಮೀಟರ್ ಹಿಡಿದು ನೋಡಿದರು. ಆ ಮನುಷ್ಯನಿಗೆ ನಾನು ಇವತ್ತಿಗೂ ಋಣಿ.

ಯು-ಬೂಟ್ ಮಾತಾಡಿತು, ನನ್ನ ಕರ್ನಲ್ ಮಾತಾಡಲಿಲ್ಲ. ಸೀರಿಯಲ್ ಪೋರ್ಟಿನ ವಿಳಾಸ ಎರಡರಲ್ಲೂ ಒಂದೇ, ಹೆಕ್ಸ್‌ನ 10000000. ಆದರೆ ಕ್ಯೂಎಮುನಲ್ಲಿ ಅದರ ರಿಜಿಸ್ಟರುಗಳು (ಸಾಧನದ ಪುಟ್ಟ ಖಾನೆಗಳು) ಒಂದೊಂದು ಬೈಟಿಗೆ ಇವೆ, ಬೋರ್ಡಿನಲ್ಲಿ ನಾಲ್ಕು ನಾಲ್ಕು ಬೈಟಿಗೆ. "ಕಳಿಸಲಿಕ್ಕೆ ಸಿದ್ಧ" ಅನ್ನುವ ಬಿಟ್ಟನ್ನು ಕರ್ನಲ್ ಬೇರೆ ರಿಜಿಸ್ಟರಿನಲ್ಲಿ ಹುಡುಕುತ್ತಾ ಸುಮ್ನೆ ಕಾಯುತ್ತಿತ್ತು. ಸರಿಮಾಡಿದ ಮೇಲೆ, ಕರ್ನಲ್ ಬೂಟ್ ಆಗುತ್ತಿದೆ ಅನ್ನುವ ಸಾಲು ಬಂತು. ಅಲ್ಲಿಗೇ ನಿಂತಿತು.

ಇಲ್ಲಿ ಮೂರು ವಾರ ಕಳೆದೆ. ಸಾಲಿಗೊಂದು ಅಕ್ಷರ ಮುದ್ರಿಸುತ್ತಾ ಹೋದೆ. ಪೇಜ್ ಟೇಬಲ್ ಆನ್ ಮಾಡುವ ಸಾಲಿನ ಹಿಂದಿನ ಅಕ್ಷರ ಬರುತ್ತಿತ್ತು, ಮುಂದಿನದು ಇಲ್ಲ. ಟೇಬಲ್ಲನ್ನು ಕಾಗದದ ಮೇಲೆ ಬರೆದು ಮೂರೂ ಹಂತ ಎಣಿಸಿದೆ. ತಪ್ಪು ಕಾಣಲಿಲ್ಲ. ಕೊನೆಗೆ ಒಂದು ಸಂಜೆ ಬಸ್ಸು ಉಣಕಲ್ ದಾಟುವಾಗ ಕೈಪಿಡಿಯ ಒಂದು ಸಾಲು ಕಣ್ಣಿಗೆ ಬಿತ್ತು. ಪೇಜ್ ಟೇಬಲ್ಲಿನ ಪ್ರತಿ ಎಂಟ್ರಿಯಲ್ಲೂ ಎ ಮತ್ತು ಡಿ ಅಂತ ಎರಡು ಬಿಟ್‌ಗಳಿವೆ, 6 ಮತ್ತು 7ನೇದು. ಮೆಮೊರಿಯ ಆ ಪುಟವನ್ನು ಮುಟ್ಟಿದರೆ ಎ, ಅದರಲ್ಲಿ ಬರೆದರೆ ಡಿ. ಇವನ್ನು ಹಾರ್ಡ್‌ವೇರ್ ತಾನೇ ಹಾಕಬಹುದು, ಇಲ್ಲವೇ ಪೇಜ್ ಫಾಲ್ಟ್ ಅನ್ನುವ ದೋಷ ಎಬ್ಬಿಸಬಹುದು. ಎರಡಕ್ಕೂ ಅನುಮತಿ ಇದೆ. ಕ್ಯೂಎಮು ತಾನೇ ಹಾಕಿಕೊಳ್ಳುತ್ತದೆ. ಈ ಬೋರ್ಡಿನ ಯು74 ಕೋರ್ ಫಾಲ್ಟ್ ಎಬ್ಬಿಸುತ್ತದೆ. ಟ್ರ್ಯಾಪ್ ಇನ್ನೂ ಕಟ್ಟಿರದ ಹೊತ್ತಿನಲ್ಲಿ ಮೊದಲ ಇನ್‌ಸ್ಟ್ರಕ್ಷನ್‌ಗೇ ಫಾಲ್ಟ್ ಆದರೆ ಮೌನವೇ ಅಲ್ವಾ? ಮನೆ ಮುಟ್ಟಿದವನೇ ಕೊನೆಯ ಹಂತದ ಎಂಟ್ರಿಗಳಲ್ಲಿ ಮಾತ್ರ ಎರಡೂ ಬಿಟ್ ಹಾಕಿದೆ. ನಡುವಿನ ಹಂತದವುಗಳಲ್ಲಿ ಹಾಕುವಂತಿಲ್ಲ. ಕರ್ನಲ್ ಮುಂದೆ ಓಡಿತು, ಶೆಲ್‌ನ ಡಾಲರ್ ಚಿಹ್ನೆ ಬಂತು.

ಆದರೆ ಕೀಲಿ ಒತ್ತಿದರೆ ಏನೂ ಇಲ್ಲ. ಈ ಚಿಪ್ಪಿನ 0ನೇ ಕೋರ್ ಚಿಕ್ಕದು. ಅದರಲ್ಲಿ ಸೂಪರ್‌ವೈಸರ್ ಮೋಡೇ ಇಲ್ಲ. ಹಾಗಾಗಿ ಇಂಟರಪ್ಟ್‌ಗಳನ್ನು, ಅಂದರೆ ಸಾಧನಗಳ ಕರೆಗಳನ್ನು, ಕೋರ್‌ಗಳಿಗೆ ಹಂಚುವ ಪ್ಲಿಕ್ ಅನ್ನುವ ಭಾಗದಲ್ಲಿ ಮುಂದಿನ ಎಲ್ಲ ಕೋರ್‌ಗಳ ಸಾಲು ಒಂದು ಸ್ಥಾನ ಹಿಂದೆ ಸರಿಯುತ್ತದೆ. ಕೋರ್ ಸಂಖ್ಯೆಯ ಎರಡರಷ್ಟಕ್ಕೆ ಒಂದು ಕೂಡಿಸುವ ಬದಲು ಎರಡರಷ್ಟು ಮಾತ್ರ ಇಟ್ಟೆ. ಸೀರಿಯಲ್ಲಿನ ಇಂಟರಪ್ಟ್ ಸಂಖ್ಯೆಯನ್ನು 10ರಿಂದ 32ಕ್ಕೆ ಬದಲಿಸಿದೆ.

ರಾತ್ರಿ ಹನ್ನೊಂದಾಗಿತ್ತು, ಹೊರಗೆ ಮಳೆ. 'ಎಲ್‌ಎಸ್' ಅಂತ ಟೈಪ್ ಮಾಡಿದೆ. ಫೈಲುಗಳ ಹೆಸರು ಒಂದೊಂದಾಗಿ ಇಳಿದವು. ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದು ತೋರಿಸಿದೆ. ಸದ್ಯ ಒಂದೇ ಕೋರ್ ಓಡುತ್ತಿದೆ. ಉಳಿದ ಮೂರು ಯು74 ಕೋರ್‌ಗಳನ್ನು ಎಬ್ಬಿಸುವ ಕೆಲಸಕ್ಕೆ ಈಗ ಕೂತಿದ್ದೇನೆ.