ಸಣ್ಣ ಅಂಗಳಕ್ಕೆ ಬ್ಯಾಟರಿ ಲಾನ್ ಮೋವರ್: ತೆಗೆದುಕೊಳ್ಳುವ ಮೊದಲು ಇಷ್ಟು ನೋಡಿ

ಮಂಗಳೂರಿನಲ್ಲಿ ಮಳೆ ಹಿಡಿದರೆ ಹುಲ್ಲು ನೋಡನೋಡುತ್ತಲೇ ಏರುತ್ತದೆ, ಅಲ್ವಾ? ಎರಡು ಮೂರು ಸೆಂಟ್ಸ್ ಹುಲ್ಲು ಇರುವವರಿಗೆ ಹುಲ್ಲು ಕತ್ತರಿಸುವ ಬ್ಯಾಟರಿ ಮೋವರ್ ಸಾಕು. ಪೆಟ್ರೋಲ್ ಬೇಡ, ವಯರ್ ಎಳೆಯುವ ರಗಳೆ ಇಲ್ಲ.

ಬರೀ ವೋಲ್ಟ್ ನೋಡಬೇಡಿ. ಬ್ಯಾಟರಿ ಮೇಲೆ ಎಎಚ್ (ಆಂಪಿಯರ್-ಅವರ್) ಅಂತ ಇನ್ನೊಂದು ಅಂಕಿ ಇರುತ್ತದೆ, ಎರಡನ್ನೂ ಗುಣಿಸಿ. 20 ವೋಲ್ಟ್, 4 ಎಎಚ್ ಅಂದ್ರೆ 80 ವ್ಯಾಟ್-ಅವರ್. 40 ವೋಲ್ಟ್, 4 ಎಎಚ್ ಆದರೆ 160. ಒಂದು ಚಾರ್ಜಿಗೆ ಎಷ್ಟು ಕೆಲಸ ಅನ್ನುವುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ. ಕೆಲವು ಮಾಡೆಲ್‌ಗಳ ಬೆಲೆಯಲ್ಲಿ ಬ್ಯಾಟರಿ, ಚಾರ್ಜರ್ ಸೇರಿರುವುದೇ ಇಲ್ಲ. ಕೇಳಿಯೇ ದುಡ್ಡು ಕೊಡಿ. ಬ್ರಷ್‌ಲೆಸ್ ಮೋಟಾರ್ (ಒಳಗೆ ಸವೆಯುವ ಬ್ರಷ್ ಇಲ್ಲದ್ದು) ಒಳ್ಳೆಯದು. ಹುಲ್ಲು ಕತ್ತರಿಸುವ ಅಗಲ 32ರಿಂದ 38 ಸೆಂಟಿಮೀಟರ್ ಧಾರಾಳ, ತೆಂಗಿನ ಕಟ್ಟೆ ಸುತ್ತ ತಿರುಗಿಸಲು ಸುಲಭ.

ನಮ್ಮ ಕಡೆ ದೊಡ್ಡ ತಲೆನೋವು ಒದ್ದೆ ಹುಲ್ಲು. ಅದು ಬ್ಲೇಡಿನ ಮುಚ್ಚಳದೊಳಗೆ ಮುದ್ದೆಯಾಗಿ ಅಂಟುತ್ತದೆ. ಮೋಟಾರಿಗೆ ಭಾರ, ಬ್ಯಾಟರಿ ಬೇಗ ಖಾಲಿ. ಜೋರು ಮಳೆಯ ಆಟಿ ತಿಂಗಳಲ್ಲೂ ನಡುನಡುವೆ ಬಿಸಿಲು ಬೀಳುತ್ತದೆ. ಹುಲ್ಲು ಒಣಗಿದ ಮೇಲೇ ಶುರು ಮಾಡಿ. ಜಾಸ್ತಿ ಎತ್ತರ ಇದ್ದರೆ ಮೊದಲ ಸುತ್ತಿಗೆ ಬ್ಲೇಡನ್ನು ಎತ್ತರದಲ್ಲಿಡಿ, ಎರಡನೆಯದಕ್ಕೆ ಇಳಿಸಿ. ಮೊಣಕಾಲುದ್ದ ಬೆಳೆದ ಕಳೆಗೆ ಇದು ಆಗುವುದಿಲ್ಲ, ಬ್ರಷ್ ಕಟರ್ ಬೇಕು.

ಮುರಕಲ್ಲಿನ ಚೂರು, ಮಡಲು ಮೊದಲೇ ಹೆಕ್ಕಿ. ಕಲ್ಲು ಸಿಡಿಯುತ್ತದೆ, ಮಕ್ಕಳು ಹತ್ತಿರ ಬೇಡ. ಅಡಿ ಕ್ಲೀನ್ ಮಾಡುವಾಗ ದಯವಿಟ್ಟು ಬ್ಯಾಟರಿ ತೆಗೆದೇ ಕೈ ಹಾಕಿ.

ಬೇಸಿಗೆಯಲ್ಲಿ ಬಳಸದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಮನೆಯೊಳಗೆ ತಂಪಿನಲ್ಲಿಡಿ. ತಗಡಿನ ಶೆಡ್ ಬೇಡವೇ ಬೇಡ.