ಹಾಳೆಯ ಮೇಲೆ ಕಲಿತ ಕಂಪ್ಯೂಟರ್

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗಿಗೆ ಸೇರುವವರು ನನ್ನನ್ನು ಮೊದಲು ಕೇಳುವುದು ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು ಎಂದು. ಕೈಗೆಟುಕುವ ಬೆಲೆಯದು ಯಾವುದಾದರೂ ಸಾಕು, ಜೊತೆಗೆ ಗೆರೆಯಿಲ್ಲದ ಬಿಳಿ ಹಾಳೆಯ ಒಂದು ಕಟ್ಟನ್ನೂ ತೆಗೆದುಕೊಳ್ಳಿ ಎನ್ನುತ್ತೇನೆ. ಹಾಳೆಯ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) ನಾಲ್ಕು ವರ್ಷದ ಬಿ.ಇ.ಯಲ್ಲಿ ನಾನು ನಿಜವಾಗಿ ಕಲಿತದ್ದೆಲ್ಲ ಹಾಳೆಯ ಮೇಲೆಯೇ. ಅದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಯುಸಿಯ ಎರಡು ವರ್ಷ ಇಂಗ್ಲಿಷ್ ಪಠ್ಯಗಳೊಂದಿಗೆ ಗುದ್ದಾಡಿ ಸಿಇಟಿ ಬರೆದೆ. ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸಮಪಾಲು ಕೊಟ್ಟು ರ‍್ಯಾಂಕ್ ಕಟ್ಟುತ್ತಾರೆ. ಕನ್ನಡ ಮಾಧ್ಯಮದವರ ಮೀಸಲಾತಿಯೂ ಕೈಹಿಡಿದು ಮೈಸೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ನಾವು 2018ರ ಸ್ಕೀಮಿನವರು, ಅಂದರೆ ಆ ವರ್ಷದ ಪಠ್ಯಕ್ರಮದವರು. ಆಗ ಮೊದಲ ವರ್ಷ ಯಾವ ಬ್ರಾಂಚಾದರೂ ಒಂದೇ ಓದಿತ್ತು: ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್, ಇನ್ನೊಂದು ಕೆಮಿಸ್ಟ್ರಿ ಸೈಕಲ್. ಸಿಮೆಂಟು, ಡ್ರಾಯಿಂಗು, ಮೋಟಾರು, ಎಲ್ಲವನ್ನೂ ಓದಬೇಕಿತ್ತು. ಪ್ರೋಗ್ರಾಂ ಬರೆಯುವ ಸಿ ಭಾಷೆ ಬಂದದ್ದು ಕೆಮಿಸ್ಟ್ರಿ ಸೈಕಲ್ಲಿನಲ್ಲಿ.

ತರಗತಿಯಲ್ಲಿ ಪಾಯಿಂಟರ್ ಪಾಠವನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಒಂದೊಂದು ಪದವೂ ಅರ್ಥವಾಗುತ್ತಿತ್ತು, ಇಡೀ ವಾಕ್ಯ ಅರ್ಥವಾಗುತ್ತಿರಲಿಲ್ಲ. ಹಾಸ್ಟೆಲಿಗೆ ಬಂದು ಹಾಳೆಯ ಮೇಲೆ ಚೌಕಗಳನ್ನು ಬರೆಯತೊಡಗಿದೆ. ಒಂದು ವೇರಿಯೇಬಲ್‌ಗೆ ಒಂದು ಚೌಕ, ಮೇಲೆ ಅದರ ಹೆಸರು, ಕೆಳಗೆ ಮೆಮೊರಿಯಲ್ಲಿ ಅದರ ವಿಳಾಸ, ಒಳಗೆ ಬೆಲೆ, ಅಂದರೆ ಸದ್ಯ ಅದರಲ್ಲಿರುವ ಸಂಖ್ಯೆ. ಪಾಯಿಂಟರ್ ಎಂದರೆ ಮತ್ತೊಂದು ಚೌಕದ ವಿಳಾಸವನ್ನು ತನ್ನೊಳಗೆ ಇಟ್ಟುಕೊಂಡ ಚೌಕ. ಪ್ರೋಗ್ರಾಮಿನ ಒಂದೊಂದು ಸಾಲು ನಡೆದಾಗಲೂ ಹಳೆಯ ಬೆಲೆಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುವುದು. ಪೆನ್ನಿನಲ್ಲೇ ಬರೆಯಬೇಕು, ಅಳಿಸಬಾರದು. ಗೆರೆ ಎಳೆದ ಬೆಲೆಗಳು ಕಣ್ಣಮುಂದೆ ಇದ್ದರೆ ಪ್ರೋಗ್ರಾಂ ಎಲ್ಲಿಂದ ಎಲ್ಲಿಗೆ ಬಂತು ಎಂಬುದೂ ಕಾಣುತ್ತದೆ. ಪ್ರೋಗ್ರಾಮಿನ ತಪ್ಪು ಹುಡುಕಲು ಬಳಸುವ ಈಗಿನ ಡಿಬಗ್ಗರ್‌ಗಳು ಇದನ್ನೇ ಪರದೆಯ ಮೇಲೆ ತೋರಿಸುತ್ತವೆ ನಿಜ. ಆದರೆ ಮುಂದಿನ ಬೆಲೆ ಏನೆಂದು ನಾವೇ ಹೇಳುವ ಮೊದಲು ಯಂತ್ರ ಹೇಳಿಬಿಟ್ಟರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಆಗಲೇ ಒಂದು ಸಂಗತಿ ನನ್ನನ್ನು ಹಿಡಿದುಕೊಂಡಿತು. ಅಕ್ಷರಗಳನ್ನು ಹಿಂದುಮುಂದಾಗಿಸುವ ಪ್ರೋಗ್ರಾಮಿಗೆ ‘ಮೈಸೂರು’ ಎಂದು ಕೊಟ್ಟು ನೋಡಿದೆ. ಉದ್ದ ಎಷ್ಟು ಎಂದರೆ 18 ಎಂದಿತು, ತಿರುಗಿಸು ಎಂದರೆ ಪರದೆಯ ತುಂಬ ಕಸ. ಎಲ್ಲ ಲಿಪಿಗಳ ಅಕ್ಷರ, ಗುರುತುಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಮ, ಐತ್ವ, ಸ, ದೀರ್ಘ ಊಕಾರದ ಗುರುತು, ರ, ಉಕಾರದ ಗುರುತು ಹೀಗೆ ಆರು ಸಂಕೇತಗಳು. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ನನ್ನ ಪ್ರೋಗ್ರಾಂ ಬೈಟ್‌ಗಳನ್ನು ತಿರುಗಿಸಿತ್ತು. ಸಂಕೇತಗಳನ್ನೇ ತಿರುಗಿಸಿದರೂ ಉಕಾರದ ಗುರುತು ಒಂಟಿಯಾಗಿ ಮೊದಲು ನಿಂತು, ಹಿಂದೆ ‘ರೂಸೈಮ’ ಎಂದಾಗುತ್ತದೆ: ಗುಣಿತಾಕ್ಷರದ ಗುರುತುಗಳು ಬೇರೆಯವರ ವ್ಯಂಜನಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ನಮಗೆ ಬೇಕಾದ ‘ರುಸೂಮೈ’ ಬರಬೇಕಾದರೆ ಅಕ್ಷರವೆಂದರೆ ಯಾವುದು ಎಂಬುದನ್ನು ಪ್ರೋಗ್ರಾಮಿಗೆ ನಾವೇ ಕಲಿಸಬೇಕು. ಪಠ್ಯಕ್ರಮದಲ್ಲಿ ಇದು ಎಲ್ಲೂ ಇರಲಿಲ್ಲ. ಕೊನೆಯ ವರ್ಷದವರೆಗೂ ನನ್ನ ಜೊತೆಯಲ್ಲೇ ಬಂತು.

ಮೂರನೆಯ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್, ಅಂದರೆ ಮಾಹಿತಿಯನ್ನು ಮೆಮೊರಿಯಲ್ಲಿ ಜೋಡಿಸಿಡುವ ಬಗೆಗಳು. ಅದರ ಲ್ಯಾಬ್ ಪ್ರೋಗ್ರಾಮುಗಳನ್ನು ಪೂರಾ ಬಾಯಿಪಾಠ ಮಾಡಿ ಹೋಗುವವರು ಬಹಳ ಮಂದಿ. ಪರೀಕ್ಷೆಯ ದಿನ ಚೀಟಿ ಎತ್ತಿ ಬಂದ ಪ್ರೋಗ್ರಾಮನ್ನು ಬರೆಯುವುದಕ್ಕೆ ಅಷ್ಟು ಸಾಕು, ಬಾಯಿಮಾತಿನ ಪರೀಕ್ಷೆಯಾದ ವೈವಾಕ್ಕೆ ಸಾಲದು. ನನಗೆ ಬಂದದ್ದು ವಿದ್ಯಾರ್ಥಿಗಳ ಯುಎಸ್ಎನ್ (ನೋಂದಣಿ ಸಂಖ್ಯೆ), ಹೆಸರು, ಬ್ರಾಂಚ್, ಸೆಮಿಸ್ಟರ್, ಫೋನ್ ಸಂಖ್ಯೆಗಳನ್ನು ಲಿಂಕ್ಡ್ ಲಿಸ್ಟಿನಲ್ಲಿ ಇಡುವ ಪ್ರೋಗ್ರಾಂ. ಲಿಂಕ್ಡ್ ಲಿಸ್ಟ್ ಎಂದರೆ ಚೌಕಗಳ ಸರಪಳಿ: ‘ನೋಡ್’ ಎಂಬ ಒಂದೊಂದು ಚೌಕವೂ ಮುಂದಿನದರ ವಿಳಾಸವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ, ಮೊದಲನೆಯದರ ವಿಳಾಸ ತಲೆಯ ಪಾಯಿಂಟರಿನಲ್ಲಿ. ಮೊದಲ ನೋಡನ್ನು ತೆಗೆದುಹಾಕುವಾಗ ತಲೆಯ ಪಾಯಿಂಟರನ್ನು ಎರಡನೆಯ ನೋಡಿಗೆ ಸರಿಸಿ, ಆಮೇಲೆ ಹಳೆಯ ನೋಡನ್ನು ಫ್ರೀ ಮಾಡುತ್ತೇವೆ, ಅಂದರೆ ಅದರ ಜಾಗವನ್ನು ಬಿಟ್ಟುಕೊಡುತ್ತೇವೆ. ‘ಈ ಎರಡು ಸಾಲು ಅದಲು ಬದಲಾದರೆ ಏನಮ್ಮಾ ಆಗುತ್ತೆ?’ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ಹಾಳೆಯ ಮೇಲೆ ಆ ಚೌಕಕ್ಕೆ ಅಡ್ಡಗೀಟು ಹಾಕಿ, ಎರಡನೆಯ ನೋಡಿನ ವಿಳಾಸ ಇದ್ದದ್ದು ಇದರೊಳಗೇ ಸರ್, ಬಿಟ್ಟುಕೊಟ್ಟ ಜಾಗವನ್ನು ಓದಿದಂತಾಗುತ್ತದೆ, ಒಮ್ಮೆ ಸರಿ ಬಂದರೂ ನಂಬುವ ಹಾಗಿಲ್ಲ ಎಂದೆ. ಚಿತ್ರ ಇದ್ದದ್ದರಿಂದ ನನ್ನ ಇಂಗ್ಲಿಷಿನ ಮೇಲೆ ಭಾರ ಬೀಳಲಿಲ್ಲ.

ಆಟೊಮ್ಯಾಟಾ ಥಿಯರಿಯನ್ನು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಮುಗಿಸಬಹುದು. ಸಾಫ್ಟ್‌ವೇರ್ ಎಂಜಿನಿಯರಿಂಗನ್ನು ಓದಿಕೊಂಡರೆ ಆಯಿತು. ಸಮಯ ಸುರಿಯಬೇಕಾದದ್ದು ಡೇಟಾ ಸ್ಟ್ರಕ್ಚರ್ಸ್, ಕಂಪ್ಯೂಟರ್ ಆರ್ಗನೈಸೇಷನ್, ಆಪರೇಟಿಂಗ್ ಸಿಸ್ಟಮ್ಸ್, ನೆಟ್‌ವರ್ಕ್ಸ್ ಈ ನಾಲ್ಕಕ್ಕೆ. ಸೆಮಿಸ್ಟರಿಗೊಂದು ಹೊಸ ತಂತ್ರಜ್ಞಾನದ ಹೆಸರು ಹಿಡಿದು ಸರ್ಟಿಫಿಕೇಟುಗಳ ಹಿಂದೆ ಓಡುವುದು ನನಗೆ ಎಂದೂ ಸರಿ ಕಾಣಲಿಲ್ಲ. ಈ ನಾಲ್ಕು ಗಟ್ಟಿಯಾದವರು ಹೊಸದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯುತ್ತಾರೆ.

ಆಪರೇಟಿಂಗ್ ಸಿಸ್ಟಮ್ಸ್ ನಾನು ಅತ್ಯಂತ ಪ್ರೀತಿಯಿಂದ ಓದಿದ ವಿಷಯ, ಅದಕ್ಕೆ ಕಾರಣ ಒಂದು ಲೆಕ್ಕ. ಪ್ರೋಗ್ರಾಂ 1, 2, 3, 4, 1, 2, 5, 1, 2, 3, 4, 5 ಈ ಕ್ರಮದಲ್ಲಿ ಪುಟಗಳನ್ನು, ಅಂದರೆ ಸಮನಾಗಿ ಕತ್ತರಿಸಿದ ತನ್ನದೇ ತುಂಡುಗಳನ್ನು ಕೇಳುತ್ತದೆ. ಮೆಮೊರಿಯಲ್ಲಿ 3 ಪುಟಕ್ಕಷ್ಟೇ ಜಾಗ. ಜಾಗ ತುಂಬಿದಾಗ ಮೊದಲು ಬಂದ ಪುಟವೇ ಮೊದಲು ಹೊರಗೆ. ಬೇಕಾದ ಪುಟ ಒಳಗಿಲ್ಲದ ಪ್ರಸಂಗ, ಅಂದರೆ ಪೇಜ್ ಫಾಲ್ಟ್, 9 ಬಾರಿ ಬರುತ್ತದೆ. ಜಾಗವನ್ನು 4 ಪುಟಕ್ಕೆ ಹೆಚ್ಚಿಸಿದರೆ ಕಡಿಮೆಯಾಗಬೇಕಲ್ಲವೇ? 10 ಆಗುತ್ತದೆ. ಐಬಿಎಂನಲ್ಲಿದ್ದ ಲಾಸ್ಲೊ ಬೆಲಾಡಿ ತೋರಿಸಿದ ಈ ವಿಚಿತ್ರಕ್ಕೆ ಅವರದೇ ಹೆಸರಿದೆ. ಪುಸ್ತಕದಲ್ಲಿ ಉತ್ತರ ಓದಿದರೆ ನೆನಪಿಟ್ಟುಕೊಳ್ಳಬೇಕಾದ ಮತ್ತೊಂದು ಸಂಗತಿ ಅಷ್ಟೇ. ಹಾಳೆಯ ಮೇಲೆ ಕಂಬ ಕಂಬವಾಗಿ ಬರೆದು ನೋಡಿ: 4 ಪುಟಕ್ಕೆ ಜಾಗವಿದ್ದಾಗ 5 ಬಂದು 1ನ್ನು ಹೊರಗಟ್ಟುತ್ತದೆ, ಮರುಕ್ಷಣ ಬೇಕಾಗುವುದು 1. ಅದು ಬಂದು 2ನ್ನು ಹೊರಗಟ್ಟುತ್ತದೆ, ಆಗ ಬೇಕಾಗುವುದು 2. ಕೊನೆಯವರೆಗೂ ಒಳಬರುವ ಪ್ರತಿ ಪುಟವೂ ಇನ್ನೇನು ಕರೆ ಬರಲಿರುವ ಪುಟವನ್ನೇ ತಳ್ಳುತ್ತದೆ. ಬಹಳ ಹೊತ್ತಿನಿಂದ ಬಳಸದ ಪುಟವನ್ನು ತೆಗೆಯುವ ಎಲ್‌ಆರ್‌ಯು ಕ್ರಮದಲ್ಲಿ ಹೀಗಾಗುವುದಿಲ್ಲ; ಏಕೆಂದರೆ 3 ಪುಟದ ಜಾಗದಲ್ಲಿ ಇರುವುದೆಲ್ಲ 4 ಪುಟದ ಜಾಗದಲ್ಲೂ ಇದ್ದೇ ಇರುತ್ತದೆ. ಆ ಎರಡು ಕಂಬಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಆದ ಸಂತೋಷವೇ ಬೇರೆ.

ಪರೀಕ್ಷೆಗೂ ಇದೇ ಅಭ್ಯಾಸ ನೆರವಾಯಿತು. ಥಿಯರಿ ಪತ್ರಿಕೆ 3 ಗಂಟೆಯದು, ಐದು ಮಾಡ್ಯೂಲು, ಒಂದೊಂದರಿಂದಲೂ ಒಂದು ಪೂರ್ಣ ಪ್ರಶ್ನೆ. ಹಾಸ್ಟೆಲಿನಲ್ಲಿ ನಾವು ನಾಲ್ವರು ಗೆಳತಿಯರು ಒಬ್ಬರಿಗೊಬ್ಬರು ಕನ್ನಡದಲ್ಲಿ ಪಾಠ ಹೇಳಿಕೊಳ್ಳುತ್ತಿದ್ದೆವು, ಉತ್ತರವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ರೂಢಿ ಮಾಡಿಕೊಳ್ಳುತ್ತಿದ್ದೆವು. ಉಳಿದದ್ದು ಚಿತ್ರ ಮತ್ತು ಲೆಕ್ಕ. ಕನ್ನಡ ಮಾಧ್ಯಮದಿಂದ ಬಂದವರಿಗೆ ನಾನು ಒತ್ತಿ ಹೇಳುವುದು ಇದನ್ನು: ಅರ್ಥ ಮಾಡಿಕೊಳ್ಳುವುದನ್ನು ಇಂಗ್ಲಿಷ್ ಬರುವವರೆಗೆ ಮುಂದೂಡಬೇಡಿ.

ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಅಂಗಡಿಗಳಿವೆ. ನಾಲ್ಕು ವರ್ಷ ಓದಿ ಅದೊಂದನ್ನು ಬೇರೆಯವರಿಂದ ಮಾಡಿಸಿಕೊಳ್ಳುವುದು ನೋವಿನ ವಿಷಯ. ನಾವು ನಮ್ಮೂರಿನ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಎತ್ತಿಕೊಂಡೆವು. ಅದು ಹಳೆಯ ನುಡಿ ಫಾಂಟಿನಲ್ಲಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳ ರಾಶಿ. ಮೊದಲು ಯೂನಿಕೋಡಿಗೆ ತರಬೇಕು, ಆಮೇಲೆ ಅಕಾರಾದಿಯಲ್ಲಿ ಜೋಡಿಸಬೇಕು.

ಜೋಡಿಸುವುದು ಸುಲಭವೆಂದುಕೊಂಡವರಿಗೆ ಳಕಾರ ಸಾಕು. ಯೂನಿಕೋಡಿನಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವ ಮೊದಲು. ಸಂಕೇತದ ಸಂಖ್ಯೆಯನ್ನೇ ಹಿಡಿದು ಜೋಡಿಸಿದರೆ ‘ಕಳಸ’ ಮೊದಲು, ‘ಕವನ’ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಹಕಾರದ ನಂತರ. ಹೋಲಿಕೆಗೆ ನಮ್ಮದೇ ಕ್ರಮದ ಕೋಷ್ಟಕ ಬರೆದು ಸರಿಪಡಿಸಿದೆವು. ಅರ್ಕಾವೊತ್ತು ಇನ್ನೂ ಹೆಚ್ಚು ಕಾಡಿತು. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಕಣ್ಣಿಗೆ ಕಂಡ ಹಾಗೆ ಯಕಾರದ ನಂತರ ಅರ್ಕಾವೊತ್ತನ್ನು ಇಟ್ಟಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಹಾಗೆ ರ ಮೊದಲು, ಸ್ವರ ತೆಗೆಯುವ ಹಲಂತದ ಗುರುತು, ಆಮೇಲೆ ಯ. ಅಂದರೆ ಪರಿವರ್ತಕ ಮುಂದೆ ಓದಿ ಹಿಂದಕ್ಕೆ ಬಂದು ರಕಾರವನ್ನು ಸೇರಿಸಬೇಕು. ಎಷ್ಟು ಹಿಂದಕ್ಕೆ? ವ್ಯಂಜನದ ಜೊತೆಗೆ ಸ್ವರದ ಗುರುತೂ ಒತ್ತಕ್ಷರವೂ ಇದ್ದರೆ ಅವೆಲ್ಲವನ್ನೂ ದಾಟಿ ಹಿಂದಕ್ಕೆ. ‘ಕೀರ್ತಿ’, ‘ವರ್ಷ’, ‘ಕಾರ್ಯ’ ಒಂದೊಂದನ್ನೂ ಚೌಕಗಳಲ್ಲಿ ಬರೆದು, ಬಾಣ ಎಳೆದು, ನಿಯಮ ಗಟ್ಟಿಯಾದ ಮೇಲೆಯೇ ಕೋಡ್ ಬರೆಯಲು ಕುಳಿತೆವು. ಪರಿವರ್ತಕಕ್ಕೆ ಬಗ್ಗದ ಕೆಲವು ಶೀರ್ಷಿಕೆಗಳನ್ನು ಕೈಯಲ್ಲೇ ತಿದ್ದಿ ಪಟ್ಟಿಯನ್ನು ಗ್ರಂಥಾಲಯಕ್ಕೆ ಒಪ್ಪಿಸಿದೆವು. ಕೋಡನ್ನೂ ನಿಯಮಗಳ ಹಾಳೆಗಳನ್ನೂ ಮುಂದಿನ ಬ್ಯಾಚಿನವರು ತೆಗೆದುಕೊಂಡರು. ಹೆಸರಿನ ಒಂದು ಭಾಗ ಕೊಟ್ಟರೂ ಪುಸ್ತಕ ಹುಡುಕಿಕೊಡುವ ಹಾಗೆ ಅವರು ಅದನ್ನು ಬೆಳೆಸಿದರು.